ಸೋಗೆಯ ಮೇಲಿನ ಹಸಿರು ಹುಳು ಯಾರದು?

ಕಳೆದ ಮುಂಗಾರಿನ ಹೊತ್ತಿನಲ್ಲಿ ಶಿವನಿ ಕಡೆಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ಚೀಲದಿಂದ ಒಂದು ಅಡಿಕೆ ಗರಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಗರಿಯ ಮೇಲೆ ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಹಸಿರು ಹುಳು. ಮೈಮೇಲೆ ಹಳದಿ ಗೆರೆ, ತಲೆಯ ಮೇಲೆ ಎರಡು ಕೊಂಬು, ಹಿಂದೆ ಕವಲೊಡೆದ ಬಾಲ.

"ಕಾರ್ಯದರ್ಶಿಗಳೇ, ಇದಕ್ಕೆ ಯಾವ ಔಷಧಿ ಹೊಡೀಬೇಕು? ಸೊಸೈಟೀಲಿ ದಾಸ್ತಾನಿದ್ದರೆ ಈಗಲೇ ಕೊಟ್ಟುಬಿಡಿ" ಎಂದರು.

"ಎಷ್ಟು ಹುಳ ಕಂಡಿರಿ ಗೌಡ್ರೇ?"

"ಸಸಿಮಡಿ ಎಲ್ಲಾ ಹುಡುಕಿದರೆ ಹತ್ತೋ ಹನ್ನೆರಡೋ ಇರಬಹುದು."

ನಾವು ಔಷಧಿ ಕೊಡಲಿಲ್ಲ. ಕುರ್ಚಿ ಕೊಟ್ಟು, ಕಾಫಿ ತರಿಸಿ, ನಮ್ಮದೇ ಒಂದು ಹಳೆಯ ತಪ್ಪಿನ ಕಥೆ ಹೇಳಿದೆವು. ಅದನ್ನೇ ಎಲ್ಲ ಸದಸ್ಯರಿಗೂ ಹೇಳೋಣವೆಂದು ಈ ಲೇಖನ.

ತೋಟದ ಜವಾಬ್ದಾರಿ ವಹಿಸಿಕೊಂಡ ಹೊಸದು. ಪದವಿ ಮುಗಿಸಿ ಬಂದ ಹುರುಪು ಬೇರೆ. ಅಡಿಕೆ ಸಸಿಮಡಿಯಲ್ಲಿ ಇಂಥದೇ ಹುಳು ಕಂಡೊಡನೆ, ಎಣಿಸುವ ತಾಳ್ಮೆಯೂ ಇಲ್ಲದೆ, ಸಸಿಮಡಿಗೂ ಪಕ್ಕದ ಫಸಲಿನ ತೋಟಕ್ಕೂ ಒಟ್ಟಿಗೇ ಕೀಟನಾಶಕ ಹೊಡೆಸಿದೆವು. ಹಿಂಗಾರ ಒಡೆದಿದ್ದ ಕಾಲ. ಮರುದಿನ ಬೆಳಿಗ್ಗೆ ನೋಡಿದರೆ, ನಮ್ಮ ತಂದೆಯವರು ಸಾಕಿದ್ದ ಎರಡು ತುಡುವೆ ಪೆಟ್ಟಿಗೆಗಳ ಮುಂದೆ ಸತ್ತ ಜೇನುಹುಳುಗಳ ರಾಶಿ. ತಂದೆಯವರು ಬೈಯಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ತೊಳೆದು ಅಟ್ಟಕ್ಕೆ ಹಾಕಿದರು, ಅಷ್ಟೆ. ಔಷಧಿಯ ಬಿಲ್ಲು ಮತ್ತು ಕೂಲಿ ಸೇರಿಸಿ ಲೆಕ್ಕ ಹಾಕಿದಾಗ, ಆ ಹುಳುಗಳು ತಿಂದ ಎಲೆಗಿಂತ ನೂರು ಪಟ್ಟು ನಷ್ಟವನ್ನು ನಾವೇ ಮಾಡಿಕೊಂಡಿದ್ದೆವು. ಆ ಹುಳು ಯಾರ ಮರಿ ಎಂಬುದಷ್ಟು ತಿಳಿದಿದ್ದರೆ ಸಾಕಾಗಿತ್ತು.

ನಾಲ್ಕು ಕಾಲಿನ ಬಳಗ

ಅದು ಒಂದು ಚಿಟ್ಟೆಯ ಮರಿ. ಇಂಗ್ಲಿಷಿನಲ್ಲಿ ಪಾಮ್‌ಫ್ಲೈ, ಶಾಸ್ತ್ರೀಯವಾಗಿ ಎಲಿಮ್ನಿಯಾಸ್ ಕಾಡೇಟ. ಇದು ಸೇರಿದ ಕುಟುಂಬಕ್ಕೆ ನಿಂಫಾಲಿಡೆ ಎಂದು ಹೆಸರು. ಕನ್ನಡದಲ್ಲಿ ಕುಂಚಗಾಲಿನ ಚಿಟ್ಟೆಗಳು ಎನ್ನಬಹುದು.

ಹೆಸರಿನ ಕಾರಣ ಸರಳ. ಕೀಟಗಳಿಗೆಲ್ಲ ಆರು ಕಾಲು. ಆದರೆ ಈ ಬಳಗದ ಚಿಟ್ಟೆ ಹೂವಿನ ಮೇಲೆ ಕುಳಿತಾಗ ಎಣಿಸಿ ನೋಡಿ, ನಾಲ್ಕೇ ಕಾಣುತ್ತವೆ. ಮುಂದಿನ ಎರಡು ಕಾಲುಗಳು ಗಿಡ್ಡವಾಗಿ, ಎದೆಗೆ ಮಡಿಸಿಕೊಂಡಿರುತ್ತವೆ. ಗಂಡಿನಲ್ಲಿ ಅವುಗಳ ಮೇಲೆ ಸಣ್ಣ ಕುಂಚದಂತೆ ಕೂದಲು. ನಡೆಯಲು ಬಾರದಿದ್ದರೂ ಅವು ದಂಡದ ಕಾಲುಗಳಲ್ಲ. ಹೆಣ್ಣು ಚಿಟ್ಟೆ ಮೊಟ್ಟೆ ಇಡುವ ಮುನ್ನ ಎಲೆಯನ್ನು ಈ ಮುಂಗಾಲುಗಳಿಂದ ಬಡಿದು ರುಚಿ ನೋಡುತ್ತದೆ. ತನ್ನ ಮರಿಗೆ ತಕ್ಕ ಎಲೆಯೇ ಎಂದು ಖಾತ್ರಿಯಾದ ಮೇಲಷ್ಟೇ ಮೊಟ್ಟೆ. ಎರಡನೆಯ ಗುರುತು ಗೂಡಿನದು. ಈ ಬಳಗದ ಗೂಡು ಸೊಂಟಕ್ಕೆ ದಾರ ಬಿಗಿದುಕೊಳ್ಳದೆ, ಬಾಲದ ತುದಿಯಿಂದ ತಲೆಕೆಳಗಾಗಿ ನೇತಾಡುತ್ತದೆ.

ಪ್ರಪಂಚದಲ್ಲಿ ಈ ಕುಟುಂಬದ ಸುಮಾರು 6000 ಜಾತಿಗಳಿವೆ. ಚಿಟ್ಟೆಗಳಲ್ಲಿ ಇದೇ ಅತಿ ದೊಡ್ಡ ಕುಟುಂಬ. ಭಾರತದ ಚಿಟ್ಟೆಗಳು 1300ಕ್ಕೂ ಹೆಚ್ಚು, ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು. ಘಟ್ಟದ ಈ ಲೆಕ್ಕದಲ್ಲಿ ಹತ್ತಿರ ಹತ್ತಿರ ನೂರು ಕುಂಚಗಾಲಿನವೇ.

ಪಾಲಾಗಿ ಮತ್ತೆ ಕೂಡಿದ ಮನೆ

ಈ ಕುಟುಂಬದ ಚರಿತ್ರೆ ನಮ್ಮ ಕಡೆಯ ಜಮೀನಿನ ಖಾತೆಯಂತೆಯೇ ಇದೆ. 1758ರಲ್ಲಿ ಲಿನೇಯಸ್ ಎಲ್ಲ ಚಿಟ್ಟೆಗಳನ್ನೂ ಪಪಿಲಿಯೊ ಎಂಬ ಒಂದೇ ಹೆಸರಿನಡಿ ಬರೆದಿಟ್ಟ. 1815ರಲ್ಲಿ ರಫಿನೆಸ್ಕ್ ಎಂಬಾತ ನಿಂಫಾಲಿಡೆ ಕುಟುಂಬಕ್ಕೆ ಹೆಸರು ಕೊಟ್ಟ. ಆಮೇಲೆ ಬಂದವರಲ್ಲಿ ಹಲವರು ಪಾಲು ಮಾಡತೊಡಗಿದರು. 1957ರಲ್ಲಿ ಬಂದ ವಿಂಟರ್-ಬ್ಲೈತ್ ಅವರ ಪುಸ್ತಕದ ಕಾಲಕ್ಕೆ ಹುಲಿಪಟ್ಟೆಯ ಚಿಟ್ಟೆಗಳದು ಒಂದು ಮನೆ, ಕಂದು ಚಿಟ್ಟೆಗಳದು ಇನ್ನೊಂದು, ಮೂತಿ ಉದ್ದದ ಚಿಟ್ಟೆಗಳದು ಮತ್ತೊಂದು, ಹೀಗೆ ಬೇರೆ ಬೇರೆ ಖಾತೆಗಳಾಗಿದ್ದವು. ಹಳೆಯ ಪುಸ್ತಕ ಇಟ್ಟುಕೊಂಡಿರುವವರು ಈ ಹೆಸರುಗಳನ್ನು ಕಂಡು ಗಲಿಬಿಲಿಗೊಳ್ಳಬೇಕಾಗಿಲ್ಲ.

ಈಚೆಗೆ ಅವುಗಳ ಅನುವಂಶೀಯ ಧಾತುವನ್ನೇ, ಅಂದರೆ ಡಿ.ಎನ್.ಎ.ಯನ್ನೇ ಹೋಲಿಸಿ ನೋಡಿದಾಗ ಇವೆಲ್ಲ ಒಂದೇ ತಾಯಿಬೇರಿನವು ಎಂದು ಸ್ಥಿರಪಟ್ಟಿತು. 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ನಂತರ, ಒಂದೇ ಕುಟುಂಬ, ಅದರೊಳಗೆ ಹನ್ನೆರಡು ಉಪಕುಟುಂಬ ಎಂಬ ಲೆಕ್ಕ ಬಳಕೆಗೆ ಬಂದಿದೆ. ಹನ್ನೆರಡರಲ್ಲಿ ಹತ್ತು ಪಶ್ಚಿಮ ಘಟ್ಟದಲ್ಲಿವೆ. ಮೂತಿ ಉದ್ದದ ಚಿಟ್ಟೆಗಳನ್ನು ಬೇರೆ ಇಟ್ಟಿದ್ದಕ್ಕೆ ಕಾರಣವೂ ಇತ್ತು. ಅವುಗಳಲ್ಲಿ ಗಂಡಿನ ಮುಂಗಾಲು ಮಾತ್ರ ಗಿಡ್ಡ, ಹೆಣ್ಣಿಗೆ ಆರೂ ಕಾಲು ಸರಿಯಾಗಿವೆ. ಮನೆಯ ಹಿರಿಯ ಕವಲು ಅದು, ಹಳೆಯ ಚಹರೆ ಉಳಿಸಿಕೊಂಡಿದೆ.

ಎಲೆಯಿಂದ ಗುರುತು

ಆದರೆ ಬೆಳೆಗಾರನಿಗೆ ಲ್ಯಾಟಿನ್ ಹೆಸರಿಗಿಂತ ಮುಖ್ಯವಾದದ್ದು ಬೇರೆ ಇದೆ: ಇದರ ಮರಿ ಯಾವ ಎಲೆ ತಿನ್ನುತ್ತದೆ? ನಮ್ಮ ಮೂರು ತಾಲ್ಲೂಕುಗಳನ್ನು ಪಡುವಲಿಂದ ಮೂಡಲಿಗೆ ಒಮ್ಮೆ ನಡೆದು ಬಂದರೆ ಉತ್ತರ ತಾನಾಗಿ ಸಿಗುತ್ತದೆ.

ತರೀಕೆರೆ ತಾಲ್ಲೂಕಿನ ಪಡುವಣ ಅಂಚಿನಲ್ಲಿ ಕೆಮ್ಮಣ್ಣುಗುಂಡಿ, ಸಂತವೇರಿ ಕಡೆಯ ಬೆಟ್ಟಸಾಲು. ಇಂಥ ಮಳೆಕಾಡಿನಲ್ಲಿ ಒಣಗಿದ ಎಲೆಯಂತೆ ರೆಕ್ಕೆ ಮಡಿಸಿ ಕೂರುವ ಬ್ಲೂ ಓಕ್‌ಲೀಫ್ ಇರುತ್ತದೆ. ಇದರ ಮರಿಗೆ ಕುರಿಂಜಿ ಜಾತಿಯ ಗಿಡಗಳೇ ಊಟ. ಕಾಫಿ ತೋಟಕ್ಕೆ ಇಳಿದರೆ ನೆರಳಿಗೆ ಬಿಟ್ಟ ಅತ್ತಿ, ಬಸರಿ, ಗೋಣಿ ಮರಗಳು. ಅತ್ತಿ ಜಾತಿಯ ಎಲೆಯನ್ನು ನಂಬಿದ್ದು, ರೆಕ್ಕೆಯ ಮೇಲೆ ನಕ್ಷೆ ಬರೆದಂತಿರುವ ಮ್ಯಾಪ್ ಚಿಟ್ಟೆ. ಕಪ್ಪುಗಂದು ಬಣ್ಣದ ಕಾಮನ್ ಕ್ರೋ ಸಹ ಅತ್ತಿ ಜಾತಿಯ ಮೇಲೂ ಅಂಗಳದ ಕಣಗಿಲೆಯ ಮೇಲೂ ಮೊಟ್ಟೆ ಇಡುತ್ತದೆ. ಕಮ್ಯಾಂಡರ್ ಎಂಬ ಕೆಂಗಂದು ಚಿಟ್ಟೆ ಕಾಫಿಯ ನೆಂಟ ಗಿಡಗಳನ್ನು, ಅಂದರೆ ಕದಂಬವನ್ನೂ ಹೂವಿನ ಪಕ್ಕದಲ್ಲಿ ಬಿಳಿ ಎಲೆ ಬಿಡುವ ಕಾಡುಗಿಡವನ್ನೂ ಆರಿಸಿಕೊಳ್ಳುತ್ತದೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಾಫಿಗೆ ನಷ್ಟ ತರುವ ಕಾಂಡಕೊರಕ, ಕಾಯಿಕೊರಕ, ಹಿಟ್ಟುತಿಗಣೆ, ಹಸಿರು ಶಲ್ಕಕೀಟ, ಇವುಗಳಲ್ಲಿ ಒಂದೂ ಈ ಬಳಗದ್ದಲ್ಲ.

ಬಯಲಿಗೆ ಬಂದರೆ ಹಿತ್ತಿಲ ಮಾವಿನಲ್ಲಿ ಬ್ಯಾರನ್, ಹುಣಸೆಯಲ್ಲಿ ಬ್ಲ್ಯಾಕ್ ರಾಜ, ಹರಳು ಗಿಡದಲ್ಲಿ ಕ್ಯಾಸ್ಟರ್ ಎಂದೇ ಹೆಸರಾದ ಚಿಟ್ಟೆ, ಬೇಲಿಯ ಎಕ್ಕದಲ್ಲಿ ಪ್ಲೇನ್ ಟೈಗರ್. ಕಾಲಡಿಯ ಗೋಣಿಸೊಪ್ಪಿಗೂ ಒಬ್ಬ ಗಿರಾಕಿ ಇದ್ದಾನೆ. ಅದು ಡನೇಯ್ಡ್ ಎಗ್‌ಫ್ಲೈ. ಎಕ್ಕದ ವಿಷ ಉಂಡು ಬೆಳೆದ ಪ್ಲೇನ್ ಟೈಗರನ್ನು ಹಕ್ಕಿಗಳು ಮುಟ್ಟವು. ಅದನ್ನು ಕಂಡು ಈ ಎಗ್‌ಫ್ಲೈ ಹೆಣ್ಣು ಅದೇ ವೇಷ ತೊಟ್ಟಿದೆ. ಗದ್ದೆಯ ಭತ್ತದಲ್ಲಿ ಬೆಳೆದು, ಮುಸ್ಸಂಜೆ ದೀಪಕ್ಕೆ ಮನೆಯೊಳಗೆ ನುಗ್ಗುವ ಕಂದು ಚಿಟ್ಟೆ ಈವ್ನಿಂಗ್ ಬ್ರೌನ್. ಮಳೆಗಾಲದಲ್ಲಿ ಅದರ ರೆಕ್ಕೆಯಡಿ ಕಣ್ಣಿನಂಥ ಚುಕ್ಕೆಗಳು, ಬೇಸಗೆಯಲ್ಲಿ ಅವು ಮಾಸಿ ತರಗೆಲೆಯ ಬಣ್ಣ. ಒಂದೇ ಜಾತಿಗೆ ಎರಡು ಅಂಗಿ.

ಇನ್ನೂ ಮೂಡಲಿಗೆ ಕಡೂರು, ಅಜ್ಜಂಪುರದ ಅಮೃತಮಹಲ್ ಕಾವಲುಗಳು. ಹುಲ್ಲುಗಾವಲನ್ನು ಬೀಳು ನೆಲವೆಂದು ತಿಳಿಯುವವರು ಒಮ್ಮೆ ನೋಡಬೇಕು. ಹಳದಿ ಪ್ಯಾನ್ಸಿ, ನೀಲಿ ಪ್ಯಾನ್ಸಿಗಳಿಗೆ ಬೇಕಾದದ್ದು ಇಂಥ ಒಣ ಬಯಲೇ. ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಬಾಸೂರು ಕಾವಲು ಇಂಥ ಬಯಲಿನ ಜೀವಗಳಿಗೆಲ್ಲ ಆಸರೆ.

ಮುಂಗಾರಿನ ಪಯಣಿಗರು

ಈ ಬೆಟ್ಟವನ್ನೂ ಬಯಲನ್ನೂ ಒಂದು ಮಾಡುವ ಚಿಟ್ಟೆಗಳೂ ಈ ಬಳಗದಲ್ಲಿವೆ. ಏಪ್ರಿಲ್‌ನಿಂದ ಜೂನ್‌ವರೆಗೆ, ಘಟ್ಟದಲ್ಲಿ ಜಡಿಮಳೆ ಹಿಡಿಯುವ ಮುನ್ನ, ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಮತ್ತು ಎರಡು ಬಗೆಯ ಕ್ರೋ ಚಿಟ್ಟೆಗಳು ದೊಡ್ಡ ದಂಡಾಗಿ ಮೂಡಣ ಬಯಲಿನತ್ತ ಹಾರುತ್ತವೆ. ಮಳೆಗಾಲ ಮುಗಿದ ಮೇಲೆ ಘಟ್ಟದತ್ತ ಮರುಪಯಣ. ನಮ್ಮ ತೋಟದ ಬೇಲಿಯಲ್ಲಿ ಗಿಲಿಗಿಲಿ ಕಾಯಿನ ಗಿಡಗಳಿವೆ. ಅವಕ್ಕೆ ಈ ಚಿಟ್ಟೆಗಳು ಹೂವಿಲ್ಲದಿದ್ದರೂ ಮುತ್ತಿಕೊಂಡಿರುವುದನ್ನು ನೋಡಿದ್ದೇವೆ. ಗಂಡು ಚಿಟ್ಟೆಗಳು ಆ ಗಿಡದ ರಸದಿಂದ ಹೆಣ್ಣನ್ನು ಒಲಿಸುವ ಪರಿಮಳಕ್ಕೆ ಬೇಕಾದ ಸಾಮಗ್ರಿ ಹೀರಿಕೊಳ್ಳುತ್ತವೆ.

ಈಗ ನಾವು ಏನು ಮಾಡುತ್ತಿದ್ದೇವೆ? ಅತ್ತಿ, ಬಸರಿ ಕಡಿದು ಸಿಲ್ವರ್ ಓಕ್ ಹಾಕುತ್ತಿದ್ದೇವೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗಿದೆ, ಮಾರಲು ಸುಲಭ. ಈ ಲೆಕ್ಕ ನಮಗೂ ಗೊತ್ತು, ನಮ್ಮ ತೋಟದಲ್ಲೂ ಇದೆ. ಆದರೆ ಅತ್ತಿಯ ಎಲೆ ತಿನ್ನುವ ಮರಿಗೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಊಟವಾಗದು. ಜೀವಂತ ಬೇಲಿ ಕಿತ್ತು ಬರೀ ತಂತಿ ಎಳೆದರೆ ಎಕ್ಕವೂ ಇಲ್ಲ, ಹಾಲುಬಳ್ಳಿಯೂ ಇಲ್ಲ. ಎಲ್ಲ ಮರ ಉಳಿಸಿ ಎನ್ನುವುದಿಲ್ಲ. ಮರಗಸಿಯ ಸಮಯದಲ್ಲಿ ಎಕರೆಗೆ ನಾಲ್ಕಾರು ಅತ್ತಿ ಜಾತಿಯ ಮರಗಳನ್ನು, ಬೇಲಿಯ ಒಂದು ಬದಿಯನ್ನು ಹಾಗೆಯೇ ಬಿಟ್ಟರೆ ನಮಗೇನೂ ನಷ್ಟವಿಲ್ಲ.

ಮತ್ತೆ ಆ ಹಸಿರು ಹುಳು

ಗೌಡರ ಹುಳುವಿಗೆ ಬರೋಣ. ಪಾಮ್‌ಫ್ಲೈ ದಕ್ಷಿಣ ಭಾರತದ ಚಿಟ್ಟೆ. ಇದರ ಮರಿ ಅಡಿಕೆ, ತೆಂಗಿನ ಗರಿ ತಿನ್ನುವುದು ನಿಜ. ಮೊಟ್ಟೆಗಳನ್ನು ಒಂದೊಂದಾಗಿ ಇಡುವುದರಿಂದ ಹುಳುಗಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಬೆಳೆದ ಮರಕ್ಕೆ ಇದು ಲೆಕ್ಕಕ್ಕಿಲ್ಲ. ಎಳೆಯ ಸಸಿಯಲ್ಲಿ ಮಾತ್ರ ತುಸು ಗಮನ ಬೇಕು.

ಆದರೆ ತೆಂಗಿನ ಕಪ್ಪುತಲೆ ಹುಳುವಿನೊಡನೆ ಇದನ್ನು ಬೆರೆಸಬಾರದು. ಅದು ಪತಂಗದ ಮರಿ. ಗರಿಯ ತಳಭಾಗದಲ್ಲಿ ನೂಲು ಮತ್ತು ಹಿಕ್ಕೆಯಿಂದ ಸುರಂಗ ಕಟ್ಟಿ, ಒಳಗೇ ಕುಳಿತು ಹಸಿರನ್ನು ಕೆರೆದು ತಿನ್ನುತ್ತದೆ. ತೋಟವೇ ಬೆಂಕಿಗೆ ಸುಟ್ಟಂತೆ ಕಾಣುತ್ತದೆ. ಅದನ್ನು ಹದ್ದಿನಲ್ಲಿಡಲು ಪರತಂತ್ರ ಜೀವಿಗಳನ್ನು ಬಿಡುವ ಕ್ರಮವಿದೆ, ತೋಟಗಾರಿಕೆ ಇಲಾಖೆಯವರನ್ನು ಕೇಳಬೇಕು. ಪಾಮ್‌ಫ್ಲೈ ಮರಿ ಸುರಂಗ ಕಟ್ಟುವುದಿಲ್ಲ. ಗರಿಯ ಮೇಲೆ ಬಯಲಿನಲ್ಲೇ ಕುಳಿತು ಅಂಚಿನಿಂದ ಕತ್ತರಿಸಿ ತಿನ್ನುತ್ತದೆ. ಹಾಗೆಯೇ ಅಡಿಕೆಯ ಹಿಂಗಾರ ಹಾಳುಮಾಡುವ ಹುಳುವೂ ಪತಂಗದ್ದೇ, ಈ ಬಳಗದ್ದಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಹುಳು ಕಂಡರೆ ಮೊದಲು ಎಣಿಸಿ. ನೂಲಿನ ಸುರಂಗ ಇದೆಯೇ ಎಂದು ಗರಿಯನ್ನು ತಿರುವಿ ನೋಡಿ. ಕೊಂಬು, ಕವಲು ಬಾಲದ ಹಸಿರು ಹುಳುವಾದರೆ ಸಸಿಯಿಂದ ಕೈಯಲ್ಲಿ ತೆಗೆದು ದೊಡ್ಡ ಮರದ ಉದುರುವ ಸೋಗೆಗೆ ಬಿಡಿ. ಯಾವುದೆಂದು ತಿಳಿಯದಿದ್ದರೆ ಗರಿಯ ಸಮೇತ ಕಚೇರಿಗೆ ತನ್ನಿ, ಔಷಧಿಯ ಚೀಟಿ ಆಮೇಲೆ ಬರೆಯೋಣ. ಹಿಂಗಾರ ಒಡೆದಿರುವಾಗ, ಕಾಫಿ ಹೂ ಬಿಟ್ಟಿರುವಾಗ ಕೀಟನಾಶಕದ ಮಾತು ಬೇಡವೇ ಬೇಡ.

ಗೌಡರು ಅಂದು ಬರಿಗೈಯಲ್ಲಿ ಹಿಂದಿರುಗಿದರು. ಹುಳುಗಳನ್ನು ಕೈಯಲ್ಲೇ ಆರಿಸಿದರಂತೆ, ಅರ್ಧ ಗಂಟೆಯ ಕೆಲಸ. ಒಂದನ್ನು ಮಾತ್ರ ಮೊಮ್ಮಗಳ ಹಟಕ್ಕೆ ಗಾಜಿನ ಭರಣಿಯಲ್ಲಿ ಗರಿ ಹಾಕಿ ಇಟ್ಟರು. ಅದು ತಲೆಕೆಳಗಾಗಿ ಹಸಿರು ಗೂಡಾಗಿ, ಕೆಲವು ದಿನಗಳ ನಂತರ ಚಿಟ್ಟೆಯಾಗಿ ಹೊರಬಂತು. ಸಂಘದ ಸಭೆಗೆ ಬಂದಾಗ ಅವರು ಮೊದಲು ಹೇಳಿದ್ದು ಅಡಿಕೆಯ ಧಾರಣೆಯ ಮಾತನ್ನಲ್ಲ.

"ನಮ್ಮ ಮಗು ಎಣಿಸಿತು ಸ್ವಾಮಿ. ನಾಲ್ಕೇ ಕಾಲು" ಎಂದರು.