ಸಂತೆಯ ಗಾಡಿಗೆ ಎರಡು ಸಿಮ್ಮು, ಒಂದು ಕಿರ್ದಿ

ಸಂತೆ ವ್ಯಾಪಾರಿಗೆ ಅಂಗಡಿಯ ವಿಳಾಸ ಎಂಬುದಿಲ್ಲ. ಗಾಡಿ ನಿಂತಲ್ಲಿ ಅಂಗಡಿ, ತಾಡಪತ್ರಿ ಕಟ್ಟಿದಲ್ಲಿ ಮಳಿಗೆ. ನಾನು ಸೊಲ್ಲಾಪುರದ ಪೇಠೆಯಿಂದ ಚಾದರ, ಟವೆಲ್ಲು, ಹೊದಿಕೆ ತಂದು ಸಣ್ಣ ನಾಲ್ಕು ಗಾಲಿಯ ಗಾಡಿಯಲ್ಲಿ ಊರೂರು ಒಯ್ಯುವವನು. ಜತ್ತ ತಾಲೂಕಿನ ಉಮದಿ, ಸಂಖ ಈ ಕಡೆಗೆ. ಚಡಚಣ, ಇಂಡಿ ಆ ಕಡೆಗೆ. ವಾರಕ್ಕೆ ನಾಲ್ಕು ಸಂತೆ, ಎರಡು ಮಹಾರಾಷ್ಟ್ರದಲ್ಲಿ, ಎರಡು ಕರ್ನಾಟಕದಲ್ಲಿ. ಗಿರಾಕಿಗಳು ಮಾತ್ರ ಎರಡೂ ಕಡೆ ಒಂದೇ ಜಾತಿಯವರು: ಕನ್ನಡದಾಗ ಚೌಕಾಸಿ ಮಾಡಿ ಮರಾಠಿಯಾಗ ಬೈಯುವವರು, ಇಲ್ಲವೆ ಅದರ ಉಲ್ಟಾ.

ಹತ್ತು ವರ್ಷದ ಹಿಂದೆ ನನ್ನ ಗಲ್ಲೆ ಎಂದರೆ ಒಂದು ತಗಡಿನ ಡಬ್ಬಿ. ಈಗ ಗಲ್ಲೆ, ತಿಜೋರಿ, ಬಿಲ್ ಪುಸ್ತಕ, ಚೆಕ್‌ಪೋಸ್ಟಿನ ಕಾಗದ ಎಲ್ಲವೂ ಫೋನಿನೊಳಗೆ ಬಂದು ಕುಳಿತಿವೆ. ಆದರೆ ಈ ಸಾಮಾನುಗಳನ್ನು ಮಾಡಿದವರು ಒಂದೇ ಕಡೆ ಕೂತು ವ್ಯಾಪಾರ ಮಾಡುವ ಅಂಗಡಿಕಾರನನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ್ದಾರೆ. ಒಂದು ಊರು, ಒಂದು ನಂಬರು, ಒಂದು ಭಾಷೆ, ಒಂದು ರಾಜ್ಯ. ನಮ್ಮಂಥ ತಿರುಗಾಡುವವರಿಗೆ ಅದನ್ನು ಹೊಂದಿಸಿಕೊಳ್ಳುವುದೇ ಅರ್ಧ ಧಂಧೆ. ಓದುಗರಲ್ಲಿ ಬಹಳ ಮಂದಿ ಇದೇ ಹಾದಿ ತುಳಿಯುವವರಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಿಮ್ಮಿನ ಕಥೆಯಿಂದಲೇ ಶುರು ಮಾಡಬೇಕು. ದೇಶದಲ್ಲಿ ಮೊಬೈಲು ಬಂದದ್ದು 1995ರಲ್ಲಿ. ಆಗಲೇ ದೇಶವನ್ನು ಸರ್ಕಲ್‌ಗಳಾಗಿ ಹಂಚಿದ್ದರು. ಮಹಾರಾಷ್ಟ್ರ ಒಂದು ಸರ್ಕಲ್, ಕರ್ನಾಟಕ ಒಂದು. 2003ರ ಮೇ ತಿಂಗಳಿಂದ ಬರುವ ಕರೆಗೆ ರೊಕ್ಕ ಕೊಡುವುದು ತಪ್ಪಿತು, ಆದರೆ ಸ್ವಂತ ಸರ್ಕಲ್ ಒಳಗೆ ಇದ್ದರೆ ಮಾತ್ರ. ಗಡಿ ಊರಿನವರಿಗೆ ಇದು ದೊಡ್ಡ ಫಜೀತಿ. ಕಾಲು ಊರಿದ ನೆಲ ಮಹಾರಾಷ್ಟ್ರದ್ದು, ಫೋನು ಹಿಡಿದ ಟವರು ಕರ್ನಾಟಕದ್ದು. ಮನೆ ಅಂಗಳದಲ್ಲಿ ನಿಂತು ಮಾತಾಡಿದರೂ ರೋಮಿಂಗ್. ಬೀಗರು ಫೋನ್ ಮಾಡಿದರೆ "ಜಲ್ದಿ ಹೇಳ್ರಿ, ನನಗೂ ರೊಕ್ಕ ಹೋಗ್ತಾವ" ಎಂದು ಅವಸರ ಮಾಡಿದವರು ನಮ್ಮ ಕಡೆ ಎಷ್ಟೋ ಮಂದಿ. ಹೀಗಾಗಿ ಪ್ರತಿಯೊಬ್ಬ ಸಂತೆ ವ್ಯಾಪಾರಿಯೂ ಎರಡು ಸಿಮ್ಮು ಇಟ್ಟ. 2015ರ ಜುಲೈಯಿಂದ ಯಾವ ರಾಜ್ಯಕ್ಕೆ ಹೋದರೂ ಅದೇ ನಂಬರು ಉಳಿಸಿಕೊಳ್ಳುವ ಸೌಲಭ್ಯ ಬಂತು, 2016-17ರ ಸುಮಾರಿಗೆ ರೋಮಿಂಗ್ ರೊಕ್ಕವೂ ನಿಂತಿತು. ಆದರೂ ಎರಡನೇ ಸಿಮ್ಮು ಜೇಬಿನಲ್ಲೇ ಉಳಿಯಿತು. ಒಂದು ಟವರು ಸಿಗದಿದ್ದರೆ ಇನ್ನೊಂದು ಸಿಗುತ್ತದೆ ಎಂಬ ಲೆಕ್ಕ. ಆ ಲೆಕ್ಕ ಇಂದಿಗೂ ಸುಳ್ಳಲ್ಲ.

ತೊಂದರೆ ಬರುವುದು ಬ್ಯಾಂಕಿಗೆ ಯಾವ ನಂಬರು ಕೊಟ್ಟಿದ್ದೀರಿ ಎಂಬಲ್ಲಿ. ನಮ್ಮ ಸಾಲಿನಲ್ಲಿ ಬಳೆ ಮಾರುವ ಒಬ್ಬ ಕಾಕಾ ಇದ್ದಾರೆ. ಖಾತೆ ಇರುವುದು ಮಹಾರಾಷ್ಟ್ರದ ಶಾಖೆಯಲ್ಲಿ, ಖಾತೆಗೆ ಕೊಟ್ಟದ್ದು ಕರ್ನಾಟಕದ ಹಳೆ ನಂಬರು. 2018ರ ಕೊನೆಯಿಂದ ಕಂಪನಿಗಳು ಬರುವ ಕರೆಗೂ ಕನಿಷ್ಠ ರೀಚಾರ್ಜ್ ಬೇಕೆಂದು ಹಟ ಹಿಡಿದವಲ್ಲ, ಎರಡೆರಡು ಸಿಮ್ಮಿಗೆ ರೊಕ್ಕ ಯಾಕೆ ಎಂದು ಕಾಕಾ ಒಂದನ್ನು ಬಿಟ್ಟುಬಿಟ್ಟರು. ನಿಯಮ ಹೀಗಿದೆ: 90 ದಿನ ಒಂದು ಕರೆಯಾಗಲಿ ಒಂದು ಸಂದೇಶವಾಗಲಿ ಇಲ್ಲದಿದ್ದರೆ ಆ ನಂಬರನ್ನು ಕಂಪನಿ ಮುಚ್ಚಬಹುದು, 20 ರೂಪಾಯಿ ಬಾಕಿ ಇದ್ದರೆ ಅದನ್ನು ಕತ್ತರಿಸಿ ಇನ್ನೂ 30 ದಿನ ಕೊಡುತ್ತಾರೆ. ಆಮೇಲೆ ಕೆಲ ತಿಂಗಳಲ್ಲಿ ಅದೇ ನಂಬರು ಬೇರೆಯವರ ಪಾಲಾಗುತ್ತದೆ.

ಕಾಕಾಗೆ ಇದು ಗೊತ್ತಾದದ್ದು ಶ್ರಾವಣದ ಹೊತ್ತಿಗೆ. ಶ್ರಾವಣ ಅಂದರೆ ಬಳೆಗಾರನ ಸುಗ್ಗಿ. ಬಳೆ ಪೆಟ್ಟಿಗೆಗೆ ಅಂಟಿಸಿದ ಕ್ಯೂಆರ್ ಚೀಟಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು, ರೊಕ್ಕ ಖಾತೆಗೆ ಬೀಳುತ್ತಿತ್ತು. ಹಳೆ ಫೋನು ಕೆಟ್ಟು ಹೊಸದು ತಂದ ದಿನ ಎಲ್ಲವೂ ನಿಂತಿತು. ಹೊಸ ಫೋನಿನಲ್ಲಿ ಯುಪಿಐ ಚಾಲೂ ಆಗಬೇಕಾದರೆ ಬ್ಯಾಂಕಿಗೆ ಕೊಟ್ಟ ಸಿಮ್ಮಿನಿಂದಲೇ ಒಂದು ಸಂದೇಶ ಹೋಗಬೇಕು. ಆ ಸಿಮ್ಮು ಸತ್ತು ಹೋಗಿದೆ. ಆಧಾರಕ್ಕೂ ಅದೇ ನಂಬರು. ರೊಕ್ಕ ಖಾತೆಯಲ್ಲಿದೆ, ಹೊಸ ಮಾಲು ತರಲು ಕೈಯಲ್ಲಿ ಕಾಸಿಲ್ಲ. ಪಾಸ್‌ಬುಕ್ ಒಯ್ದು ಶಾಖೆಯಲ್ಲಿ ಚೀಟಿ ಬರೆದು ತೆಗೆಯಬಹುದಿತ್ತು, ನಿಜ. ಆದರೆ ಶಾಖೆ ತೆರೆದಿರುವ ಹೊತ್ತಿಗೆ ಕಾಕಾ ಸಂತೆಯಲ್ಲಿ, ಸಂತೆ ಮುಗಿಯುವ ಹೊತ್ತಿಗೆ ಶಾಖೆಗೆ ಬೀಗ.

ಕಡೆಗೆ ಒಂದು ಸಂತೆ ಬಿಟ್ಟು ಇಬ್ಬರೂ ಹೋದೆವು. ನಂಬರು ಬದಲಿಸುವ ಅರ್ಜಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿತ್ತು. ಕಾಕಾ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವರು. ಮರಾಠಿ ಮಾತು ನೀರು ಕುಡಿದಷ್ಟು ಸಲೀಸು, ಬರಹ ಬಾರದು. ಗುಮಾಸ್ತ ಕೆಟ್ಟವನಲ್ಲ, "ಬೋಲಾ, ಮೀ ಲಿಹಿತೋ" ಎಂದು ತಾನೇ ಪೆನ್ನು ಹಿಡಿದ. ಆದರೆ ಎಲ್ಲ ಶಾಖೆಯಲ್ಲೂ ಇಂಥವರು ಇರುವುದಿಲ್ಲ. ಬ್ಯಾಂಕಿನಲ್ಲಿ ನಂಬರು ಬದಲಾಗಿ, ಆಧಾರ ಕೇಂದ್ರದಲ್ಲಿ ಬೆರಳು ಕೊಟ್ಟು ಹೊಸ ನಂಬರು ಕೂಡಿಸಿ, ಎಲ್ಲ ಸರಿಹೋಗುವಷ್ಟರಲ್ಲಿ ನಾಗರಪಂಚಮಿ ದಾಟಿಹೋಗಿತ್ತು. ಆ ವರ್ಷ ಕಾಕಾ ಪಂಚಮಿಯ ಬಳೆಯನ್ನು ಬೇರೆಯವರಿಂದ ಉದ್ರಿ ತಂದು ಮಾರಿದರು, ಲಾಭದ ಅರ್ಧ ಅಲ್ಲೇ ಹೋಯಿತು.

ಆದ್ದರಿಂದ ಹೇಳುವುದಿಷ್ಟು. ಬ್ಯಾಂಕಿಗೂ ಆಧಾರಕ್ಕೂ ಕೊಟ್ಟ ನಂಬರು ದಿನಾ ಬಳಸುವ ಸಿಮ್ಮೇ ಆಗಿರಲಿ. ಬಿಡುವ ಸಿಮ್ಮು ಯಾವುದೇ ಇದ್ದರೂ ಮೊದಲು ಬ್ಯಾಂಕಿಗೆ ಹೋಗಿ ನಂಬರು ಬದಲಿಸಿ, ಆಮೇಲೆ ಅದನ್ನು ಬಿಡಿ. ಈ ಸರದಿ ತಲೆಕೆಳಗಾದರೆ ನಿಮ್ಮ ಖಾತೆಯ ಸಂದೇಶಗಳು ಗುರುತಿಲ್ಲದ ಇನ್ನೊಬ್ಬನ ಫೋನಿಗೆ ಹೋಗುವ ಕಾಲವೂ ಬರಬಹುದು.

ಇನ್ನು ಸಂತೆಯ ನಿತ್ಯ ಜಗಳ. ಯುಪಿಐ 2016ರಲ್ಲಿ ಬಂತು, ಅದೇ ವರ್ಷ ನವೆಂಬರ್ 8ರ ನೋಟು ರದ್ದತಿ ಅದನ್ನು ಪೇಠೆಗೆ ತಳ್ಳಿತು. ನಮ್ಮ ಹಳ್ಳಿ ಸಂತೆಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಸಂತೆ ದಿನ ಒಂದೇ ಟವರಿನ ಮೇಲೆ ಸುತ್ತಲಿನ ಊರಿನ ಮಂದಿಯೆಲ್ಲ ಬೀಳುತ್ತಾರೆ. ಹನ್ನೆರಡು ಗಂಟೆಯಿಂದ ಮೂರರವರೆಗೆ ಚಕ್ರ ತಿರುಗುತ್ತಲೇ ಇರುತ್ತದೆ. ಗಿರಾಕಿ ಅನ್ನುತ್ತಾನೆ: "ನನ್ನ ಖಾತ್ಯಾಗಿಂದ ಕಟ್ ಆಗೇದ್ರಿ ಅಣ್ಣಾ, ನಿಮಗ ಬಂದಿಲ್ಲಂದ್ರ ನಾ ಏನ್ ಮಾಡ್ಲಿ?" ಅವನದೂ ಸುಳ್ಳಲ್ಲ, ನಮ್ಮದೂ ಸುಳ್ಳಲ್ಲ.

ಇಲ್ಲಿ ತಿಳಿಯಬೇಕಾದದ್ದು, ಕ್ಯೂಆರ್ ಚೀಟಿಗೆ ರೊಕ್ಕ ಬೀಳಲು ನನ್ನ ಫೋನಿಗೆ ನೆಟ್‌ವರ್ಕ್ ಬೇಕಿಲ್ಲ. ಅವನ ಫೋನಿಗಿದ್ದರೆ ಸಾಕು, ರೊಕ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ನನಗೆ ಬೇಕಾದದ್ದು ಖಾತ್ರಿ ಮಾತ್ರ. ಅವನ ಪರದೆಯ ಮೇಲೆ 12 ಅಂಕಿಯ ಒಂದು ಯುಟಿಆರ್ ನಂಬರು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ, ಹೆಸರು, ಊರು, ಮೊತ್ತ, ಹೊತ್ತು ಇವನ್ನು ಕಿರ್ದಿಯಲ್ಲಿ ಬರೆದುಕೊಂಡು ಗುರುತಿನವನಾದರೆ ಮಾಲು ಕೊಟ್ಟು ಕಳಿಸುತ್ತೇನೆ. ರಾತ್ರಿ ಮನೆಯಲ್ಲಿ ಖಾತೆ ತೆಗೆದು ತಾಳೆ ನೋಡುತ್ತೇನೆ. ಹಸಿರು ಟಿಕ್ ತೋರಿಸಿ ಹೋಗುವುದನ್ನು ಮಾತ್ರ ಒಪ್ಪುವುದಿಲ್ಲ. ಅಂಥ ಟಿಕ್ ತೋರಿಸುವ ಬನಾವಟಿ ಆಪುಗಳು ಪೇಠೆ ತುಂಬ ಇವೆ. ಕಟ್ಟಾದ ರೊಕ್ಕ ಬಂದಿಲ್ಲವೆಂದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2019ರ ಆದೇಶದಂತೆ ವ್ಯಾಪಾರಿಗೆ ಹಾಕಿದ ರೊಕ್ಕ ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ಮಾತು ಹೇಳಿದರೆ ಗಿರಾಕಿಯ ಸಿಟ್ಟು ಅರ್ಧ ಇಳಿಯುತ್ತದೆ.

ಮಾತಾಡುವ ಡಬ್ಬಿಯ ಬಗ್ಗೆಯೂ ಒಂದು ಮಾತು. ಅದರೊಳಗೆ ತನ್ನದೇ ಸಿಮ್ಮು ಇರುತ್ತದೆ, ನಮ್ಮ ಫೋನು ಸತ್ತರೂ ಅದು ಕೂಗುತ್ತದೆ. ತಿಂಗಳ ಬಾಡಿಗೆ ಕೊಡುವುದು ಅದಕ್ಕೇ. ಸೊಲ್ಲಾಪುರದಲ್ಲಿ ಕೊಂಡದ್ದಾದ್ದರಿಂದ ನನ್ನ ಡಬ್ಬಿ ಮರಾಠಿಯಲ್ಲಿ ಕೂಗುತ್ತಿತ್ತು. ಇಂಡಿ ಸಂತೆಯಲ್ಲಿ ಒಬ್ಬ ಆಯಿ, "ಏನೋ ಯಪ್ಪಾ, ನನ್ನ ರೊಕ್ಕ ತಗೊಂಡು ಯಾರಿಗೆ ಚಾಡಿ ಹೇಳಾಕತ್ತದ ಅದು?" ಅಂದಳು. ಭಾಷೆ ಬದಲಿಸುವ ಜಾಗ ಹುಡುಕಿ ಕನ್ನಡ ಹಾಕಿದೆ. ಈಗ ಎರಡೂ ಕಡೆ ಕನ್ನಡವೇ, ಯಾರ ತಕರಾರೂ ಇಲ್ಲ. ಡಬ್ಬಿಯ ಕನ್ನಡ ಮಾತ್ರ ಪುಸ್ತಕದ್ದು. ನಾವು ದೀಡನೂರು ಅನ್ನುತ್ತೇವೆ, ಅದು ನೂರ ಐವತ್ತು ಅನ್ನುತ್ತದೆ. ಇರಲಿ. ಆದರೆ ಸಿಮ್ ಕಂಪನಿಯೊಂದರ ಸಹಾಯವಾಣಿಗೆ ಮಹಾರಾಷ್ಟ್ರದ ನಂಬರಿನಿಂದ ಹಚ್ಚಿದರೆ ಕನ್ನಡ ಸಿಗುವುದೇ ಇಲ್ಲ, ಕರ್ನಾಟಕದ ನಂಬರಿನಿಂದ ಹಚ್ಚಿದರೆ ಸಿಗುತ್ತದೆ. ಮಾತಾಡುವ ಮನುಷ್ಯ ಒಬ್ಬನೇ, ಸಿಮ್ಮು ನೋಡಿ ಭಾಷೆ ಕೊಡುವ ಈ ರೀತಿ ನನಗಂತೂ ಸೇರಿಲ್ಲ.

ಬಿಸಿಲಿನದು ಬೇರೆ ಕಾಟ. ಫೋನು ಮಾಡುವ ಕಂಪನಿಗಳೇ ಸುಮಾರು 35 ಡಿಗ್ರಿಯವರೆಗೆ ಬಳಸಿ ಅನ್ನುತ್ತವೆ. ನಮ್ಮ ಸೊಲ್ಲಾಪುರ, ವಿಜಯಪುರದ ಬೇಸಿಗೆ 40 ದಾಟುತ್ತದೆ. ಬಿಸಿಲಿಗಿಟ್ಟ ಫೋನು ಕಾದು ತಾನೇ ಆರಿಹೋಗುತ್ತದೆ. ಚಾದರದ ಮಡಿಕೆಯಲ್ಲಿ ಮುಚ್ಚಿಟ್ಟರೆ ಕಾವು ಹೊರಗೆ ಹೋಗದೆ ಇನ್ನೂ ಕೆಡುತ್ತದೆ. ನೆರಳಲ್ಲಿ, ಗಾಳಿಯಾಡುವಲ್ಲಿ ಇಡಬೇಕು. ಪವರ್ ಬ್ಯಾಂಕನ್ನೂ ಗಾಡಿಯ ಮುಂದಿನ ಗಾಜಿನ ಹತ್ತಿರ ಬಿಡಬಾರದು.

ತೆರಿಗೆಯ ವಿಷಯಕ್ಕೆ ಬಂದರೆ ಗಡಿ ಎಂಬುದು ಇನ್ನೂ ಜೀವಂತ. ಹಿಂದೆ ವಿಜಯಪುರದ ಹಾದಿಯಲ್ಲಿ ಧೂಳಖೇಡದ ನಾಕಾದಲ್ಲಿ ಗಾಡಿ ನಿಲ್ಲಿಸಿ ಕಾಗದ ತೋರಿಸಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ನಾಕಾಗಳು ಹೋದವು. ಹೋದದ್ದು ತೊಲೆ ಮಾತ್ರ. ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ ಎಂಬುದು 2019ರಿಂದ ಎರಡೂ ರಾಜ್ಯದಲ್ಲಿದೆ. ಆದರೆ ತೆರಿಗೆ ಬೀಳುವ ಸರಕನ್ನು ಪಕ್ಕದ ರಾಜ್ಯಕ್ಕೆ ಮಾರಿದರೆ ಈ ಮಿತಿ ಉಪಯೋಗಕ್ಕೆ ಬರುವುದಿಲ್ಲ, ನೋಂದಣಿ ಬೇಕೇ ಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿ ಶೇ 1 ಕಟ್ಟಿ ನಿಶ್ಚಿಂತೆಯಿಂದಿರುವವರು ರಾಜ್ಯದ ಹೊರಗೆ ಮಾರುವಂತೆಯೇ ಇಲ್ಲ. ಹತ್ತು ಮೈಲಿ ಆಚೆಗಿನ ಸಂತೆ ಕಾನೂನಿನ ಕಣ್ಣಿಗೆ ಪರರಾಜ್ಯ. ಇದು ಗೊತ್ತಿಲ್ಲದೆ ನಡೆಸುವವರು ನಮ್ಮಲ್ಲಿ ಬಹಳ. ತನ್ನ ಹೊಲದಲ್ಲಿ ತಾನು ಬೆಳೆದದ್ದನ್ನು ಮಾರುವ ರೈತನಿಗೆ ಮಾತ್ರ ನೋಂದಣಿ ಬೇಡ. ಅವನು ಅಂಜುವ ಕಾರಣವಿಲ್ಲ.

50,000 ರೂಪಾಯಿಗಿಂತ ಹೆಚ್ಚಿನ ಮಾಲು ಗಡಿ ದಾಟಿದರೆ ಇ-ವೇ ಬಿಲ್ಲು ಬೇಕು. ಇದು 2018ರ ಏಪ್ರಿಲ್‌ನಿಂದ. ಮೊದಲ 200 ಕಿಲೋಮೀಟರಿಗೆ ಒಂದು ದಿನದ ಅವಧಿ, ಆದ್ದರಿಂದ ನಮ್ಮ ಹಾದಿಗೆ ಸಾಕು. ನಾನು ಅದನ್ನು ಹಿಂದಿನ ರಾತ್ರಿ ಮನೆಯಲ್ಲೇ ತಯಾರು ಮಾಡಿ ಒಂದು ಪ್ರತಿ ಕಾಗದದ ಮೇಲೆ ತೆಗೆದು ಗಾಡಿಯಲ್ಲಿಡುತ್ತೇನೆ. ಹೊಲದ ನಡುವೆ ಗಾಡಿ ತಡೆದರೆ ಅಲ್ಲಿ ನೆಟ್‌ವರ್ಕ್ ಹುಡುಕುತ್ತ ನಿಲ್ಲಲಿಕ್ಕೆ ಆಗುವುದಿಲ್ಲ.

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನಲ್ಲಿ ಹಲವರು ಕ್ಯೂಆರ್ ಚೀಟಿ ಕಿತ್ತು ನಗದು ಮಾತ್ರ ಎಂದು ಬರೆದು ಹಾಕಿದರು. ಹಳೆ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಆಮೇಲೆ ಮುಖ್ಯಮಂತ್ರಿಗಳು ಹೇಳಿದರು. ನಮ್ಮ ಸಂತೆಗೂ ಆ ಅಂಜಿಕೆ ಮುಟ್ಟಿತು. ಚೀಟಿ ಕೀಳುವುದು ಉಪಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಖಾತೆಗೆ ಬಿದ್ದ ರೊಕ್ಕವೆಲ್ಲ ವ್ಯಾಪಾರದ್ದಲ್ಲ ಎಂದು ತೋರಿಸಲು ಕೈಬರಹದ ಕಿರ್ದಿ ಬೇಕು. ಸಂತೆಯಲ್ಲಿ ಯಾರೋ ಬಂದು, "ಅಣ್ಣಾ, ನಿಮ್ಮ ಕ್ಯೂಆರಿಗೆ ಎರಡು ಸಾವಿರ ಹಾಕ್ತೀನಿ, ನಗದು ಕೊಡ್ರಿ" ಅನ್ನುವುದು ರೂಢಿ. ಗುರುತಿಲ್ಲದವರಿಗೆ ನಾನು ಕೊಡುವುದಿಲ್ಲ. ಅದು ಎಲ್ಲೋ ಮೋಸದಿಂದ ಬಂದ ರೊಕ್ಕವಾಗಿದ್ದರೆ ದೂರದ ಊರಿನ ಪೊಲೀಸರು ನಮ್ಮ ಖಾತೆ ತಡೆಹಿಡಿಸಬಹುದು. ಹಾಗಾದರೆ ಬಿಡಿಸಿಕೊಳ್ಳಲು ಭಾಷೆ ಬಾರದ ಠಾಣೆಗೆ ಅರ್ಜಿ ಬರೆಯುತ್ತ ಕೂರಬೇಕು. ನಮ್ಮ ರೊಕ್ಕವೇ ಮೋಸಕ್ಕೆ ಹೋದರೆ ತಡಮಾಡದೆ 1930ಕ್ಕೆ ಫೋನ್ ಹಚ್ಚಬೇಕು.

ಉದ್ರಿಯ ಲೆಕ್ಕವನ್ನು ಮಾತ್ರ ನಾನು ಫೋನಿಗೆ ಕೊಟ್ಟಿಲ್ಲ. ನಮ್ಮ ಕಡೆ ತೊಗರಿ, ಜೋಳ ಬರುವ ತನಕ ಉದ್ರಿ ನಡೆಯಬೇಕು, ದ್ರಾಕ್ಷಿಯವರು ಮಣೂಕ ಮಾರಿದ ಮೇಲೆ ಕೊಡುತ್ತಾರೆ. ನಮ್ಮ ಪಕ್ಕದ ಬಾಂಡೆ ವ್ಯಾಪಾರಿ ಉದ್ರಿ ಬರೆಯುವ ಒಂದು ಆಪು ಹಾಕಿಕೊಂಡ. ಅದು ತಿಂಗಳಾದ ಕೂಡಲೆ ಬಾಕಿದಾರರಿಗೆಲ್ಲ ತಾನಾಗಿ ಸಂದೇಶ ಕಳಿಸಿತು. ಮೂವತ್ತು ವರ್ಷದ ಗಿರಾಕಿಯೊಬ್ಬರ ಮನೆಯಲ್ಲಿ ಆ ಸಂದೇಶವನ್ನು ಸೊಸೆ ಓದಿದಳು. ಮರು ಸಂತೆಗೆ ಮುದುಕರು ಬಂದು ಎಲ್ಲರೆದುರು, "ನನ್ನ ಮಾತಿಗಿಂತ ನಿನ್ನ ಮೆಸೇಜ್ ದೊಡ್ಡದಾತೇನೋ ತಮ್ಮಾ?" ಎಂದು ನೋಟು ಎಣಿಸಿಟ್ಟು ಹೋದರು. ಅಂದಿನಿಂದ ಅವರು ಬಾಂಡೆ ಕೊಳ್ಳುವುದು ಬೇರೆ ಗಾಡಿಯಲ್ಲಿ. ನನ್ನ ಹತ್ತಿರ ಅವರದೇ ಒಂದು ಜೋಡಿ ಚಾದರದ ಬಾಕಿ ಇದೆ, ಕೆಂಪು ವಹಿಯ ನಲವತ್ತೊಂದನೆಯ ಪುಟದಲ್ಲಿ. ತೊಗರಿ ರಾಶಿ ಆದ ಮೇಲೆ ಕೊಡುತ್ತೇನೆ ಅಂದಿದ್ದಾರೆ. ರಾಶಿಗೆ ಇನ್ನೂ ಎರಡು ತಿಂಗಳಿದೆ.