ಜೋಯಿಡಾದ ಕರಿಗಲ್ಲು, ಭೂಮಿಯ ಮೊದಲ ಆಮ್ಲಜನಕ

ಹಳಿಯಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ನನ್ನ ಮೇಜಿನ ಮೇಲೆ ಜೋಯಿಡಾ ಕಡೆಯ ಮ್ಯಾಂಗನೀಸ್ ಅದಿರಿನ ತುಂಡೊಂದು ಇರುತ್ತಿತ್ತು. ಗಾತ್ರ ಚಿಕ್ಕದು, ಎತ್ತಿದರೆ ಭಾರ, ಮುಟ್ಟಿದವರ ಕೈಯೆಲ್ಲ ಮಸಿ. ಅದರ ಪುಡಿಗೆ ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ಬುಸ್ಸೆಂದು ನೊರೆ ಏಳುತ್ತದೆ. ಪ್ರನಾಳದ ಬಾಯಿಗೆ ಊದಿನಕಡ್ಡಿ ಹಿಡಿದರೆ ಕೆಂಡದ ಹೊಳಪು ಏರುತ್ತದೆ.

"ಕಲ್ಲಿನ್ಯಾಗ ಆಕ್ಸಿಜನ್ ಐತೇನ್ರಿ ಸರ?" ಎಂದು ಹುಡುಗರು ಕೇಳುತ್ತಿದ್ದರು. ಗುಳ್ಳೆ ಬರುವುದು ದ್ರವದಿಂದ, ಕಲ್ಲು ಅವಸರ ಮಾಡಿಸುತ್ತದೆ ಅಷ್ಟೇ. ಆದರೆ ಕಲ್ಲಿನಲ್ಲೂ ಆಮ್ಲಜನಕ ಬಂಧಿಯಾಗಿದೆ. ನನಗೆ ಪಾಠಕ್ಕಿಂತ ಹೆಚ್ಚು ರುಚಿಸಿದ್ದು ಅದು ಅಲ್ಲಿಗೆ ಬಂದ ಬಗೆ.

1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯ ಶಿಲಾಸಾಲುಗಳಿಗೆ ನಮ್ಮ ನೆರೆಯ ಧಾರವಾಡದ ಹೆಸರಿಟ್ಟ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ತಳಪಾಯ ಬಹುಮಟ್ಟಿಗೆ ಅದೇ. ವಯಸ್ಸು ಅಂದಾಜು 260 ಕೋಟಿ ವರ್ಷ. ಆಗ ಇಲ್ಲಿ ಕಡಲಿತ್ತು. ಸೂರ್ಯನ ಬೆಳಕು ಇಂದಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಆದರೂ ಕಡಲು ಹೆಪ್ಪುಗಟ್ಟಲಿಲ್ಲ, ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳು ಶಾಖ ಹಿಡಿದಿದ್ದವು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ನಾವು ಆ ದಡದಲ್ಲಿ ನಿಂತಿದ್ದರೆ ಕೆಲವೇ ನಿಮಿಷಗಳಲ್ಲಿ ಕಥೆ ಮುಗಿಯುತ್ತಿತ್ತು.

ಆಮ್ಲಜನಕ ತಯಾರಿಸತೊಡಗಿದ್ದು ಸಯನೋಬ್ಯಾಕ್ಟೀರಿಯಾ. ಇಂಥ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ದಿಬ್ಬಗಳು ಶಿವಮೊಗ್ಗ, ಚಿತ್ರದುರ್ಗದ ಸುಣ್ಣಗಲ್ಲುಗಳಲ್ಲಿ ಈಗಲೂ ಕಾಣಸಿಗುತ್ತವೆ. ಕಡಲಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು, ಬಾಬಾಬುಡನ್‌ಗಿರಿಯ ಪಟ್ಟೆಪಟ್ಟೆ ಅದಿರು ಅಂಥ ಕಾಲದ್ದು. ಆದರೆ ಕಬ್ಬಿಣದ ಸಾಕ್ಷಿಯನ್ನು ಪೂರ್ತಿ ನಂಬುವಂತಿಲ್ಲ. ಬೆಳಕನ್ನು ಬಳಸುವ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆಯೂ ಅದಕ್ಕೆ ತುಕ್ಕು ಹಿಡಿಸಬಲ್ಲವು. ಮ್ಯಾಂಗನೀಸ್ ಹಠಮಾರಿ, ಸಾಮಾನ್ಯವಾಗಿ ಆಮ್ಲಜನಕವೇ ಬಂದು ತಾಗಬೇಕು.

ಜಗತ್ತಿನ ಗಾಳಿ ನಿಜಕ್ಕೂ ಬದಲಾದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮೊದಲೇ ಸಂಡೂರಿನಲ್ಲೂ ನಮ್ಮ ಕಡೆಯಲ್ಲೂ ಮ್ಯಾಂಗನೀಸ್ ಪದರ ಕೂತಿದೆ. ಅಂದರೆ ಆಳವಿಲ್ಲದ ಕಡಲಿನ ಅಲ್ಲಲ್ಲಿ ಆಮ್ಲಜನಕ ಆಗಲೇ ಸುಳಿದಾಡುತ್ತಿತ್ತು ಎಂಬುದು ಅನೇಕ ವಿಜ್ಞಾನಿಗಳ ವಾದ. ಒಪ್ಪದವರೂ ಇದ್ದಾರೆ, ನಾನು ವಾದದ ಪರ. ಜೋಯಿಡಾದ ಅದಿರಿಗೆ ಇನ್ನೊಂದು ಕೈಯೂ ಸೇರಿದೆ, ಘಟ್ಟದ ಮಳೆ. ಬಹಳ ಈಚಿನ ಯುಗಗಳಲ್ಲಿ ಅದು ಉಳಿದ ಖನಿಜಗಳನ್ನು ತೊಳೆದು ಮ್ಯಾಂಗನೀಸನ್ನು ಗಟ್ಟಿಗೊಳಿಸಿತು. ಹಾಗಾಗಿ ನನ್ನ ಮೇಜಿನ ತುಂಡಿನಲ್ಲಿರುವುದು ಎರಡು ಕಾಲದ ಆಮ್ಲಜನಕ.

ಇಂಥ ಅದಿರನ್ನು ಈ ಕಾಡುಗಳಲ್ಲಿ ಅಗೆದರು, ದಾಂಡೇಲಿಯಲ್ಲಿ ಫೆರೋಮ್ಯಾಂಗನೀಸ್ ಕುಲುಮೆಯೂ ಉರಿಯಿತು. ಈಗ ಆ ಕಾಡಿನ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ರಾಫ್ಟಿಂಗಿಗೆಂದು ಬರುವವರು ಹಳೆಯ ಗಣಿಗುಂಡಿಯ ಬದಿಯಲ್ಲಿ ಕರಿಗಲ್ಲು ಕಂಡರೆ ಮುಟ್ಟಿ ನೋಡಿ, ಮಕ್ಕಳಿಗೂ ತೋರಿಸಿ. ಚೀಲಕ್ಕೆ ಮಾತ್ರ ಹಾಕಿಕೊಳ್ಳಬೇಡಿ.