ದೂರವಾಣಿ ಯಂತ್ರಕ್ಕೆ ಕೊಡುವ ಆಜ್ಞೆಗಳು

ದೊಡ್ಡ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ನೂರಾರು ಟೆಲಿಫೋನುಗಳಿರುವುದನ್ನು ವಾಚಕರು ಕಂಡಿರಬಹುದು. ಒಂದು ಕೋಣೆಯಿಂದ ಇನ್ನೊಂದಕ್ಕೆ ಮೂರೋ ನಾಲ್ಕೋ ಅಂಕೆಗಳನ್ನು ಒತ್ತಿ ಮಾತನಾಡಬಹುದು. ಹೊರಗಿನವರು ಬೇಕಾದರೆ ಮೊದಲು ಸೊನ್ನೆಯನ್ನೋ ಒಂಬತ್ತನ್ನೋ ಒತ್ತಬೇಕು. ಒಳಗೆ ಫೋನುಗಳು ನೂರಾರು ಇದ್ದರೂ ಹೊರಗಿನ ಲೈನುಗಳಾದರೋ ಇಪ್ಪತ್ತು ಮೂವತ್ತು ಮಾತ್ರ. ಯಾರನ್ನು ಯಾರಿಗೆ ಜೋಡಿಸಬೇಕು, ಯಾವ ಲೈನನ್ನು ಯಾರಿಗೆ ಕೊಡಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ನಿರ್ಧರಿಸುವ ಯಂತ್ರವೊಂದು ಆ ಕಟ್ಟಡದ ಯಾವುದೋ ಮೂಲೆಯ ಕೋಣೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಇದೇ ಖಾಸಗಿ ಎಕ್ಸ್‌ಚೇಂಜು.

ಈ ಯಂತ್ರದ ಅಂಗವೊಂದು ಕೆಟ್ಟಿತೆಂದು ಸಂಶಯ ಬಂದರೆ ಅದನ್ನು ಪರೀಕ್ಷಿಸುವುದು ಹೇಗೆ? ರೇಡಿಯೋ ಕೆಟ್ಟರೆ ಆರಿಸಿ, ಬಿಚ್ಚಿ, ಮೇಜಿನ ಮೇಲೆ ಹರಡಿಕೊಂಡು ನೋಡಬಹುದು. ಆಸ್ಪತ್ರೆಯ ದೂರವಾಣಿ ಯಂತ್ರಕ್ಕೆ ಆ ಉಪಚಾರ ಸಲ್ಲದು. ಅದನ್ನು ಪರೀಕ್ಷಿಸುತ್ತಿರುವ ಹೊತ್ತಿನಲ್ಲಿಯೇ ಮೇಲಿನ ಮಹಡಿಯ ದಾದಿಯೊಬ್ಬಳು ವೈದ್ಯರನ್ನು ಕರೆಯುತ್ತಿರಬಹುದು. ಜನರು ಮಾತನಾಡುತ್ತಿರುವಾಗಲೇ, ಅವರ ಮಾತು ಕಡಿಯದಂತೆ, ಅವರು ಬಳಸುತ್ತಿರುವ ಯಂತ್ರವನ್ನೇ ಪರೀಕ್ಷಿಸಬೇಕು. ಇದಕ್ಕಾಗಿ ಎಂಜಿನಿಯರುಗಳು ರೂಪಿಸಿರುವ ಆಜ್ಞೆಗಳ ಭಾಷೆಯೊಂದುಂಟು.

ಹಿಂದೆ ಇಂಥ ಭಾಷೆಯ ಅಗತ್ಯವಿರಲಿಲ್ಲ. ಅಮೆರಿಕದ ಕಾನ್ಸಾಸ್ ನಗರದಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನು 1891ರಲ್ಲಿ ಪೇಟೆಂಟು ಪಡೆದ ಸ್ವಯಂಚಾಲಿತ ಸ್ವಿಚ್ಚು ಕಣ್ಣಿಗೆ ಕಾಣುವಂತೆ ಚಲಿಸುವಂಥದು. ಡಯಲು ತಿರುಗಿಸಿದಾಗ ಲೋಹದ ಕೈಯೊಂದು ಮೆಟ್ಟಿಲು ಹತ್ತಿದಂತೆ ಮೇಲೇರಿ, ಪಕ್ಕಕ್ಕೆ ಹೊರಳಿ, ಬೇಕಾದ ತಂತಿಯನ್ನು ಮುಟ್ಟುತ್ತಿತ್ತು. ಅಂಥ ಎಕ್ಸ್‌ಚೇಂಜಿನಲ್ಲಿ ನುರಿತ ಕೆಲಸಗಾರನು ಟಕಟಕ ಸದ್ದಿನ ಲಯ ತಪ್ಪಿದ್ದನ್ನು ಕಿವಿಯಿಂದಲೇ ಗುರುತಿಸಿ, ಕಾಗದದ ಚೂರೊಂದನ್ನು ಎಡೆಗಿಟ್ಟು ಸಂಪರ್ಕವನ್ನು ತಡೆಯಬಲ್ಲವನಾಗಿದ್ದನು. ದೋಷಕ್ಕೆ ಒಂದು ಜಾಗವಿತ್ತು, ಸದ್ದಿತ್ತು, ಕೆಲವೊಮ್ಮೆ ಸುಟ್ಟ ವಾಸನೆಯೂ ಇತ್ತು.

1965ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಸಕ್ಕಸನ್ನಾ ಎಂಬ ಊರಿನಲ್ಲಿ ಬೆಲ್ ಸಂಸ್ಥೆಯವರ ಮೊದಲನೆಯ ದೊಡ್ಡ ಇಲೆಕ್ಟ್ರಾನಿಕ್ ಎಕ್ಸ್‌ಚೇಂಜು ಕೆಲಸಕ್ಕೆ ತೊಡಗಿದಾಗ ಈ ಸ್ಥಿತಿ ಬದಲಾಯಿತು. ಅಲ್ಲಿ ಸ್ವಿಚ್ಚುಗಳನ್ನು ಆಳುತ್ತಿದ್ದುದು ಸ್ಮರಣೆಯಲ್ಲಿ ಬರೆದಿಟ್ಟ ಪ್ರೋಗ್ರಾಮು. ಅದರ ರಚಕರು ಹಾಕಿಕೊಂಡಿದ್ದ ಗುರಿ ಬೆರಗು ಹುಟ್ಟಿಸುವಂಥದು: ನಾಲ್ವತ್ತು ವರ್ಷಗಳಲ್ಲಿ ಯಂತ್ರವು ಒಟ್ಟು ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ನಿಲ್ಲಬಾರದು. ಅದಕ್ಕಾಗಿ ನಿಯಂತ್ರಕ ಭಾಗವನ್ನು ಜೋಡಿಯಾಗಿ ಕಟ್ಟಿ, ಎರಡೂ ಒಂದೇ ಲೆಕ್ಕವನ್ನು ಮಾಡುತ್ತ ಪರಸ್ಪರ ಉತ್ತರಗಳನ್ನು ತಾಳೆ ನೋಡುವಂತೆ ಏರ್ಪಡಿಸಿದರು. ದೋಷ ಕಂಡುಬಂದರೆ ಯಂತ್ರವೇ ಟೆಲಿಟೈಪಿನ ಮೇಲೆ ಅದನ್ನು ಅಚ್ಚೊತ್ತಿ ತಿಳಿಸುತ್ತಿತ್ತು. ಕೆಲಸಗಾರನೂ ಅದೇ ಟೆಲಿಟೈಪಿನ ಮೂಲಕ ಯಂತ್ರಕ್ಕೆ ಅಪ್ಪಣೆಗಳನ್ನು ಕೊಡುತ್ತಿದ್ದನು. ಕಿವಿಯ ಕೆಲಸ ಅಕ್ಷರಕ್ಕೆ ಬಂದಿತು.

ಖಾಸಗಿ ಎಕ್ಸ್‌ಚೇಂಜುಗಳಲ್ಲಿ ಈ ಪದ್ಧತಿಯ ಒಳ್ಳೆಯ ನಿದರ್ಶನವೆಂದರೆ ‘ಡೆಫಿನಿಟಿ’ ಎಂಬ ಯಂತ್ರ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆ ಇದನ್ನು ಹೊರತಂದಿತು. 1996ರಲ್ಲಿ ಇದು ಲೂಸೆಂಟ್ ಕಂಪೆನಿಯ ಪಾಲಿಗೂ 2000ದಲ್ಲಿ ಅವಾಯಾ ಕಂಪೆನಿಯ ಪಾಲಿಗೂ ಬಂದಿತು. ಹಳೆಯ ಪೆಟ್ಟಿಗೆಗಳು ಹಿಂದೆ ಸರಿದು ಇಂಟರ್‌ನೆಟ್ ಮಾದರಿಯ ಫೋನುಗಳು ಬಂದ ಮೇಲೂ ಅದರ ಆಜ್ಞಾಭಾಷೆ ಮುಂದಿನ ಯಂತ್ರಗಳಲ್ಲಿ ಉಳಿದುಕೊಂಡಿದೆ.

ಡೆಫಿನಿಟಿಯೆಂಬುದು ನೋಡಲು ಬೀರುವಿನಂಥ ಪೆಟ್ಟಿಗೆ. ಅದರೊಳಗೆ ಅಂತಸ್ತುಗಳು, ಅಂತಸ್ತಿನಲ್ಲಿ ಸಾಲಾಗಿ ಗೂಡುಗಳು, ಪುಸ್ತಕಗಳನ್ನು ನಿಲ್ಲಿಸಿದಂತೆ ಒಂದೊಂದು ಗೂಡಿಗೆ ಒಂದೊಂದು ಕಾರ್ಡು. ಒಂದು ಕಾರ್ಡಿಗೆ ಎಂಟೋ ಹದಿನಾರೋ ಫೋನುಗಳ ತಂತಿಗಳು ಬಂದು ಸೇರುತ್ತವೆ. ಹೀಗಾಗಿ ಪ್ರತಿಯೊಂದು ತಂತಿಗೂ ಅಂಚೆ ವಿಳಾಸದಂಥ ಒಂದು ವಿಳಾಸವುಂಟು. ‘01ಎ0304’ ಎಂದರೆ ಒಂದನೆಯ ಬೀರು, ‘ಎ’ ಎಂಬ ಅಂತಸ್ತು, ಮೂರನೆಯ ಗೂಡು, ಅದರ ನಾಲ್ಕನೆಯ ತಂತಿ. ಸ್ಟ್ರೌಜರನ ಯಂತ್ರದಲ್ಲಿ ಬೆರಳಿಟ್ಟು ತೋರಿಸುತ್ತಿದ್ದ ಜಾಗವನ್ನು ಇಲ್ಲಿ ಏಳು ಅಕ್ಷರಗಳಲ್ಲಿ ಬರೆದು ತೋರಿಸಬೇಕು.

ಕಾರ್ಡುಗಳೆಲ್ಲವೂ ಬೆನ್ನ ಹಿಂದಿರುವ ಒಂದೇ ತಂತಿಸಾಲನ್ನು ಹಂಚಿಕೊಳ್ಳುತ್ತವೆ. ಕಾಲುವೆಯ ನೀರನ್ನು ಹೊಲಗಳಿಗೆ ಸರದಿಯ ಮೇಲೆ ಬಿಡುವುದನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಾತಿನ ಅಲೆಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ ಅಂಕೆಯನ್ನಾಗಿ ಮಾಡಿ, ತನ್ನ ಸರದಿ ಬಂದಾಗ ಕಾರ್ಡು ಅದನ್ನು ತಂತಿಸಾಲಿನ ಮೇಲೆ ಇಡುತ್ತದೆ. ಕೇಳುವವನ ಕಾರ್ಡು ಅದೇ ಸರದಿಯಲ್ಲಿ ಅದನ್ನು ಎತ್ತಿಕೊಳ್ಳುತ್ತದೆ. ಒಂದು ಸುತ್ತಿಗೆ ಸೆಕೆಂಡಿನ ಎಂಟು ಸಾವಿರದ ಒಂದು ಭಾಗ ಮಾತ್ರ. ಅಷ್ಟರಲ್ಲಿಯೇ 512 ಸರದಿಗಳು ಮುಗಿಯಬೇಕು. ಯಾರಿಗೆ ಯಾವ ಸರದಿ ಎಂದು ಹೇಳುವುದು ಮಾತ್ರ ಪ್ರೊಸೆಸರಿನ ಕೆಲಸ. ಒಮ್ಮೆ ಹೇಳಿದ ಮೇಲೆ ಮಾತು ಅದರ ಕೈಯ ಮೂಲಕ ಹಾದುಹೋಗುವುದಿಲ್ಲ. ಕಾರ್ಡಿನಿಂದ ಕಾರ್ಡಿಗೆ ತಾನೇ ಹರಿಯುತ್ತದೆ. ಈ ಸಂಗತಿ ಮುಂದೆ ನಮ್ಮ ಉಪಯೋಗಕ್ಕೆ ಬರುವುದರಿಂದ ಇದನ್ನು ನೆನಪಿನಲ್ಲಿಡಬೇಕು.

ಆಜ್ಞೆಗಳ ವ್ಯಾಕರಣ ಬಹು ಸರಳ. ಮೊದಲು ಕ್ರಿಯಾಪದ, ಆಮೇಲೆ ಕರ್ಮ, ಕೊನೆಗೆ ಬೇಕಾದರೆ ವಿಶೇಷಣ. ‘ಸ್ಟೇಟಸ್ ಸ್ಟೇಷನ್ 2345’ ಎಂದರೆ 2345ನೆಯ ಫೋನಿನ ಸ್ಥಿತಿಯನ್ನು ಹೇಳು. ‘ಟೆಸ್ಟ್ ಬೋರ್ಡ್ 01ಎ03’ ಎಂದರೆ ಆ ಗೂಡಿನ ಕಾರ್ಡನ್ನು ಪರೀಕ್ಷಿಸು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹೊಸಬರಿಗೆ ಇದು ತಲೆಕೆಳಗಾಗಿ ಕಾಣಬಹುದು. ಆದರೆ ಜಾಗರೂಕನಾದ ಕೆಲಸಗಾರನು ಗಮನಿಸಬೇಕಾದುದು ಮೊದಲನೆಯ ಪದವನ್ನೇ. ಏಕೆಂದರೆ ಈ ಕ್ರಿಯಾಪದಗಳಲ್ಲಿ ನಿರಪಾಯಕರವಾದವೂ ಉಂಟು, ಅಪಾಯಕರವಾದವೂ ಉಂಟು. ‘ಸ್ಟೇಟಸ್’, ‘ಡಿಸ್‌ಪ್ಲೇ’ ಎಂಬವು ಕೇವಲ ನೋಡುತ್ತವೆ. ‘ಟೆಸ್ಟ್’ ಎಂಬುದು ಮುಟ್ಟಿ ನೋಡುತ್ತದೆ. ‘ಬಿಸಿಔಟ್’ ಎಂಬುದು ಅಂಗವೊಂದನ್ನು ಕೆಲಸದಿಂದ ಬಿಡಿಸುತ್ತದೆ. ‘ರಿಲೀಸ್’ ಅದನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ‘ರೀಸೆಟ್’ ಎಲ್ಲಕ್ಕಿಂತ ಉಗ್ರ.

ಒಂದು ಉದಾಹರಣೆಯನ್ನು ನೋಡೋಣ. ಒಂದು ಕಚೇರಿಯಲ್ಲಿ ಹೊರಗಿನ ಲೈನುಗಳು 24 ಇವೆಯೆಂದು ಇಟ್ಟುಕೊಳ್ಳಿ. ಕೆಲವರು ಕರೆ ಮಾಡಿದಾಗ ಏನೂ ಕೇಳಿಸುವುದಿಲ್ಲವೆಂದು ದೂರುತ್ತಾರೆ. ಮತ್ತೊಮ್ಮೆ ಮಾಡಿದರೆ ಸರಿಯಾಗಿರುತ್ತದೆ. ಇಪ್ಪತ್ತನಾಲ್ಕರಲ್ಲಿ ಒಂದು ಲೈನು ಮೂಕವಾಗಿದೆ, ಅಷ್ಟೆ. ಇಪ್ಪತ್ತನಾಲ್ಕರಲ್ಲಿ ಒಂದೇ ತಾನೆ, ದೊಡ್ಡ ತೊಂದರೆಯೇನಲ್ಲ ಎಂದು ತೋರಬಹುದು. ಲೆಕ್ಕ ಹಾಕಿ ನೋಡಿದರೆ ಬೇರೆಯೇ ತಿಳಿಯುತ್ತದೆ. ಒಳ್ಳೆಯ ಲೈನಿನ ಮೇಲೆ ಜನರು ಸುಮಾರು ಮೂರು ನಿಮಿಷ ಮಾತನಾಡುವರೆಂದರೆ ಅದು ಗಂಟೆಗೆ 20 ಕರೆಗಳನ್ನು ಮಾತ್ರ ತೆಗೆದುಕೊಳ್ಳಬಲ್ಲದು. ಮೂಕ ಲೈನು ಸಿಕ್ಕವನಾದರೋ ಹತ್ತು ಸೆಕೆಂಡು ‘ಹಲೋ ಹಲೋ’ ಎಂದು ಕೂಗಿ ಫೋನು ಇಟ್ಟುಬಿಡುತ್ತಾನೆ. ಇಟ್ಟ ಕೂಡಲೆ ಆ ಲೈನು ಬಿಡುವಾಯಿತು. ಮುಂದಿನವನಿಗೆ ಅದೇ ದೊರೆಯಬಹುದು. ಹತ್ತು ಸೆಕೆಂಡಿಗೊಂದರಂತೆ ಅದು ಗಂಟೆಗೆ 360 ಕರೆಗಳನ್ನು ನುಂಗಬಲ್ಲದು. ಎಂದರೆ ಹದಿನೆಂಟು ಒಳ್ಳೆಯ ಲೈನುಗಳು ಸಾಗಿಸುವಷ್ಟು! ಉಳಿದವೆಲ್ಲ ಮಾತಿನಲ್ಲಿ ತೊಡಗಿರುವಾಗ, ಸದಾ ಬಿಡುವಾಗಿರುವುದು ಕೆಟ್ಟದ್ದೊಂದೇ. ಆಂಗ್ಲ ಎಂಜಿನಿಯರುಗಳು ಇಂಥದನ್ನು ‘ಕೊಲೆಗಾರ ಲೈನು’ ಎಂದು ಕರೆಯುವುದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಅದನ್ನು ಹುಡುಕುವಾಗ ಕೆಲಸಗಾರನು ಮೊದಲು ‘ಡಿಸ್‌ಪ್ಲೇ’ ಆಜ್ಞೆಯಿಂದ ಯಂತ್ರವು ತಾನಾಗಿ ಬರೆದಿಟ್ಟುಕೊಂಡಿರುವ ದೋಷಗಳ ಪಟ್ಟಿಯನ್ನು ಓದುತ್ತಾನೆ. ಬಳಿಕ ಸಂಶಯಾಸ್ಪದವಾದ ಲೈನಿನ ‘ಸ್ಟೇಟಸ್’ ಕೇಳಿ, ಅದರ ಮೇಲೆ ಯಾರೂ ಮಾತನಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ‘ಟೆಸ್ಟ್’ ಎನ್ನುತ್ತಾನೆ. ಆಗ ಯಂತ್ರವು ಒಂದು ಸ್ವರವನ್ನು ಹುಟ್ಟಿಸಿ ಆ ಕಾರ್ಡಿನೊಳಕ್ಕೆ ಕಳುಹಿಸಿ, ಅದು ಸುತ್ತಿಕೊಂಡು ಮರಳಿ ಬಂದಾಗ ಎಷ್ಟು ಕುಗ್ಗಿದೆಯೆಂದು ಅಳೆಯುತ್ತದೆ. ಸಾಮಾನ್ಯ ಫೋನಿನ ತಂತಿಯಾದರೆ, ಬ್ಯಾಟರಿಯ ವಿದ್ಯುತ್ತು ತಲಪುತ್ತಿದೆಯೇ, ಆ ತುದಿಯಲ್ಲಿ ನಿಜವಾಗಿ ಗಂಟೆಯುಳ್ಳ ಫೋನೊಂದಿದೆಯೇ ಎಂಬುದನ್ನೂ ಪರೀಕ್ಷಿಸುತ್ತದೆ. ಯಾರೋ ಕಸ ಗುಡಿಸುವಾಗ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತಿದ್ದರೂ ಯಂತ್ರಕ್ಕೆ ಅದು ತಿಳಿಯುತ್ತದೆ.

ಪರೀಕ್ಷೆಗೆ ಬರುವ ಉತ್ತರಗಳು ಎರಡಲ್ಲ, ಮೂರು. ‘ಪಾಸ್’, ‘ಫೇಲ್’ ಎಂಬವು ವಿದ್ಯಾರ್ಥಿಗಳಾದ ನಿಮಗೆ ಚಿರಪರಿಚಿತ. ಮೂರನೆಯದು ‘ಅಬಾರ್ಟ್’. ಪರೀಕ್ಷೆಯನ್ನು ನಡೆಸಲಾಗಲಿಲ್ಲ ಎಂದು ಅದರ ಅರ್ಥ: ಆ ತಂತಿಯ ಮೇಲೆ ಯಾರೋ ಮಾತನಾಡುತ್ತಿರಬಹುದು, ಸ್ವರವನ್ನು ಅಳೆಯುವ ಸಾಧನವು ಬೇರೆ ಕೆಲಸದಲ್ಲಿರಬಹುದು. ಅನುಭವವಿಲ್ಲದವರು ‘ಅಬಾರ್ಟ್’ ಕಂಡೊಡನೆ ಅದನ್ನು ‘ಫೇಲ್’ ಎಂದೇ ಭಾವಿಸಿ ಗಟ್ಟಿಯಾಗಿರುವ ಕಾರ್ಡನ್ನು ಕಿತ್ತುಹಾಕುತ್ತಾರೆ. ಪರೀಕ್ಷೆಗೆ ಕುಳಿತೇ ಇಲ್ಲದ ಹುಡುಗನನ್ನು ನಪಾಸು ಮಾಡಿದಂತಾಯಿತು ಇದು. ‘ಅಬಾರ್ಟ್’ ಬಂದರೆ ಒಂದು ನಿಮಿಷ ತಾಳಿ ಮತ್ತೆ ಕೇಳಬೇಕು. ‘ರಿಪೀಟ್ 10’ ಎಂಬ ವಿಶೇಷಣ ಸೇರಿಸಿದರೆ ಯಂತ್ರವೇ ಹತ್ತು ಸಲ ಕೇಳಿಕೊಳ್ಳುತ್ತದೆ.

ಇನ್ನೊಂದು ವಿಶೇಷಣ ‘ಲಾಂಗ್’. ಇದನ್ನು ಸೇರಿಸಿದಾಗ ನಡೆಯುವ ದೀರ್ಘ ಪರೀಕ್ಷೆಗಳಲ್ಲಿ ಕೆಲವು, ನಡೆಯುತ್ತಿರುವ ಸಂಭಾಷಣೆಯನ್ನು ಕಡಿಯುವಂಥವು. ಅಂಥವುಗಳಿಗೆ ಮುಂಚೆ ಕಾರ್ಡನ್ನು ‘ಬಿಸಿಔಟ್’ ಮಾಡಬೇಕಾಗುತ್ತದೆ. ಇಡೀ ಕಾರ್ಡನ್ನು ಹಾಗೆ ಮಾಡಿದರೆ ಅದರ ಮೇಲಿನ ಹದಿನಾರು ಫೋನುಗಳೂ ನಿಶ್ಶಬ್ದವಾಗುತ್ತವೆ. ಆದುದರಿಂದ ಬಲ್ಲವರು ಅದನ್ನು ರಾತ್ರಿಗೋ ಊಟದ ಹೊತ್ತಿಗೋ ಮೀಸಲಿಡುತ್ತಾರೆ. ನಮ್ಮ ಮೂಕ ಲೈನಿನ ವಿಷಯದಲ್ಲಾದರೋ ‘ಬಿಸಿಔಟ್’ ಎಂಬುದು ಕೂಡಲೆ ಫಲ ಕೊಡುವ ಔಷಧ. ಆ ಒಂದನ್ನು ಬದಿಗೆ ಸರಿಸಿದೊಡನೆ ಉಳಿದ 23 ಲೈನುಗಳಿಂದ ಕಚೇರಿಯ ಕೆಲಸ ಸುಗಮವಾಗಿ ನಡೆಯುತ್ತದೆ. ಸರಿಪಡಿಸುವುದನ್ನು ನಿಧಾನವಾಗಿ ಮಾಡಬಹುದು. ಬದಿಗೆ ಸರಿಸಿದ್ದನ್ನು ಮತ್ತೆ ಬಿಡಿಸಲು ಮರೆಯುವುದೂ ಮನುಷ್ಯಸ್ವಭಾವವೇ. ಅದಕ್ಕೆಂದೇ ‘ಬಿಸಿಔಟ್’ ಆದ ಪ್ರತಿಯೊಂದು ಅಂಗವನ್ನೂ ಯಂತ್ರವು ಎಚ್ಚರಿಕೆಯ ಪಟ್ಟಿಯಲ್ಲಿ ಸೇರಿಸಿ, ‘ರಿಲೀಸ್’ ಆಗುವವರೆಗೂ ತೆಗೆಯದೆ ಇಟ್ಟುಕೊಳ್ಳುತ್ತದೆ.

ಯಂತ್ರವು ಯಾವ ದೋಷವನ್ನು ಸುದ್ದಿಯೆಂದು ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು? ದೂರದ ಸಿಡಿಲೊಂದು ಲೈನಿನ ಮೇಲೆ ಕ್ಷಣಕಾಲ ಗದ್ದಲವೆಬ್ಬಿಸಿದರೆ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಇದಕ್ಕೆ ಬಳಸುವ ಉಪಾಯ ಚೆನ್ನಾಗಿದೆ. ತಳದಲ್ಲಿ ಸಣ್ಣ ತೂತಿರುವ ಬಿಂದಿಗೆಯನ್ನು ಊಹಿಸಿಕೊಳ್ಳಿ. ಪ್ರತಿ ದೋಷಕ್ಕೂ ಒಂದು ಲೋಟ ನೀರು ಹಾಕುತ್ತಾರೆ. ಕಾಲ ಕಳೆದಂತೆ ತೂತಿನಿಂದ ನೀರು ಸೋರಿಹೋಗುತ್ತದೆ. ಎಲ್ಲೋ ಒಂದೊಂದು ದೋಷವಾದರೆ ಬಿಂದಿಗೆ ಎಂದಿಗೂ ತುಂಬುವುದಿಲ್ಲ. ಒಂದರ ಹಿಂದೊಂದು ಬಂದರೆ ಮಾತ್ರ ತುಂಬಿ ತುಳುಕುತ್ತದೆ. ತುಳುಕಿದಾಗ ಎಚ್ಚರಿಕೆಯ ದೀಪ ಹತ್ತುತ್ತದೆ. ಯಂತ್ರದ ಸ್ಮರಣೆಯಲ್ಲಿ ಬಿಂದಿಗೆಯೂ ಇಲ್ಲ, ನೀರೂ ಇಲ್ಲ, ಏರಿಳಿಯುವ ಒಂದು ಸಂಖ್ಯೆ ಮಾತ್ರ.

ಇನ್ನು ‘ರೀಸೆಟ್’. ಪ್ರೊಸೆಸರೇ ದಾರಿ ತಪ್ಪಿದಾಗ ಅದನ್ನು ಮೊದಲಿನಿಂದ ಪ್ರಾರಂಭಿಸಬೇಕಾಗುತ್ತದೆ. ಇದಕ್ಕೆ ಹಲವು ಮಟ್ಟಗಳಿವೆ. ಅತ್ಯಂತ ಮೃದುವಾದುದರಲ್ಲಿ ಈಗಾಗಲೇ ಕೂಡಿಕೊಂಡ ಸಂಭಾಷಣೆಗಳು ಹಾಗೆಯೇ ಮುಂದುವರಿಯುತ್ತವೆ. ಮಾತು ಪ್ರೊಸೆಸರಿನ ಮೂಲಕ ಹಾಯುವುದಿಲ್ಲವೆಂದು ಮೊದಲೇ ಹೇಳಿದೆವಷ್ಟೆ. ಸರದಿಗಳನ್ನು ಹಂಚುವವನು ಕೆಲವು ಕ್ಷಣ ಕಣ್ಣು ಮುಚ್ಚಿದರೂ ಹಂಚಿದ ಸರದಿಗಳಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಮುಂದಿನ ಮಟ್ಟಗಳಲ್ಲಿ ಎಲ್ಲ ಕರೆಗಳೂ ಬಿದ್ದುಹೋಗುತ್ತವೆ.

ಚೇತರಿಸಿಕೊಳ್ಳುವ ಕ್ರಿಯೆಯೇ ಕೆಡುಕಿಗೆ ಕಾರಣವಾದ ದಿನವೊಂದು ದೂರವಾಣಿಯ ಚರಿತ್ರೆಯಲ್ಲಿದೆ. 1990ರ ಜನವರಿ 15ರಂದು ಎ.ಟಿ. ಅಂಡ್ ಟಿ. ಸಂಸ್ಥೆಯ ನ್ಯೂಯಾರ್ಕಿನ ದೊಡ್ಡ ಸಾರ್ವಜನಿಕ ಎಕ್ಸ್‌ಚೇಂಜೊಂದು ಸಣ್ಣ ದೋಷದ ನಿಮಿತ್ತ ಕೆಲವು ಸೆಕೆಂಡು ತನ್ನನ್ನು ತಾನೇ ‘ರೀಸೆಟ್’ ಮಾಡಿಕೊಂಡು ಮತ್ತೆ ಕೆಲಸಕ್ಕೆ ಮರಳಿತು. ಮರಳಿದ ಸುದ್ದಿ ಮುಟ್ಟಿದ ನೆರೆಯ ಎಕ್ಸ್‌ಚೇಂಜುಗಳ ಪ್ರೋಗ್ರಾಮಿನಲ್ಲಿ ಒಂದು ಹೇಳಿಕೆ ತಪ್ಪು ಸ್ಥಾನದಲ್ಲಿತ್ತು. ಸುದ್ದಿಯನ್ನು ಬರೆದುಕೊಳ್ಳುತ್ತಿರುವಾಗಲೇ ಮತ್ತೊಂದು ಸಂದೇಶ ಬಂದರೆ ಅವು ತಬ್ಬಿಬ್ಬಾಗಿ ತಾವೂ ‘ರೀಸೆಟ್’ ಮಾಡಿಕೊಳ್ಳುತ್ತಿದ್ದವು. ಚೇತರಿಸಿಕೊಂಡು ತಮ್ಮ ನೆರೆಯವರಿಗೆ ಅದೇ ಸುದ್ದಿಯನ್ನು ಕಳುಹಿಸುತ್ತಿದ್ದವು. ಹೀಗೆ ದೇಶದಾದ್ಯಂತ ಇದ್ದ 114 ಎಕ್ಸ್‌ಚೇಂಜುಗಳು ಸುಮಾರು ಒಂಬತ್ತು ಗಂಟೆಗಳ ಕಾಲ ಬೀಳುತ್ತ ಏಳುತ್ತ ಇದ್ದವು. ಒಂದು ತಂತಿಯೂ ತುಂಡಾಗಿರಲಿಲ್ಲ, ಒಂದು ಕಾರ್ಡೂ ಸುಟ್ಟಿರಲಿಲ್ಲ.

ಇದಕ್ಕೆ ಬೇರೆಯಾದ ಒಂದು ಚಿತ್ರ ನಮ್ಮ ನಾಡಿನಲ್ಲಿಯೇ ಇದೆ. ಭಾರತದ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗೆಂದು ರಚಿಸಿದ ಸಣ್ಣ ಎಕ್ಸ್‌ಚೇಂಜು 1986ರಲ್ಲಿ ಕಿತ್ತೂರಿನಲ್ಲಿ ಸ್ಥಾಪನೆಯಾಯಿತು. ತಂಪುಗೊಳಿಸಿದ ಕೋಣೆಯಾಗಲಿ ಹತ್ತಿರದಲ್ಲಿ ತಜ್ಞರಾಗಲಿ ಇಲ್ಲದೆಡೆ ಅದು ನಡೆಯಬೇಕಾಗಿತ್ತು. ಅದಕ್ಕಾಗಿ ಮುಖ್ಯ ಕಾರ್ಡುಗಳನ್ನು ಜೋಡಿಯಾಗಿಟ್ಟರು. ಕೆಟ್ಟದ್ದನ್ನು ಎಳೆದು ಹೊಸದನ್ನು ತಳ್ಳಿದರೆ ಸಾಕು. ಹೆಚ್ಚು ಆಜ್ಞೆಗಳನ್ನು ಬಲ್ಲವನು ಸಿಕ್ಕದ ಊರಿಗೆ ಇದು ಜಾಣತನದ ಏರ್ಪಾಡೇ ಸರಿ.

ಆಜ್ಞೆಗಳನ್ನು ಬಲ್ಲವನು ಮಾತ್ರವಲ್ಲ, ಬಲ್ಲ ಕಳ್ಳನೂ ಇರುತ್ತಾನೆ. ದೂರದಿಂದ ಫೋನಿನ ಮೂಲಕವೇ ಈ ಯಂತ್ರಗಳ ಆರೈಕೆ ಮಾಡುವ ಸೌಕರ್ಯವಿದ್ದುದರಿಂದ, ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಬದಲಾಯಿಸದೆ ಬಿಟ್ಟ ಕಚೇರಿಗಳ ಯಂತ್ರಗಳೊಳಕ್ಕೆ ಪರರು ನುಗ್ಗಿ, ಆ ಕಚೇರಿಯ ಖರ್ಚಿನಲ್ಲಿ ದೇಶಾಂತರಗಳಿಗೆ ಮಾತನಾಡಿದ್ದುಂಟು.

ನಮ್ಮ ಕೆಲಸಗಾರನಿಗೆ ಉಳಿದಿರುವುದು ಒಂದೇ ಒಂದು ಆಜ್ಞೆ: ‘ಸೇವ್ ಟ್ರಾನ್ಸ್‌ಲೇಷನ್’. ಯಾವ ಅಂಕೆ ಯಾವ ತಂತಿಯದು, ಯಾರಿಗೆ ಹೊರಗಿನ ಲೈನು ಸಲ್ಲುತ್ತದೆ ಎಂಬ ಬರವಣಿಗೆಯೆಲ್ಲ ಯಂತ್ರದ ಚಂಚಲ ಸ್ಮರಣೆಯಲ್ಲಿರುತ್ತದೆ. ವಿದ್ಯುತ್ತು ಹೋದರೆ ಅದು ಅಳಿಸಿಹೋಗಿ, ಮರಳಿ ಬಂದಾಗ ಯಂತ್ರವು ಕೊನೆಯ ಸಲ ಉಳಿಸಿಟ್ಟ ಪ್ರತಿಯನ್ನೇ ಓದಿಕೊಳ್ಳುತ್ತದೆ. ಈ ಪ್ರತಿಯನ್ನು ತೆಗೆಯುವ ಕೆಲಸವನ್ನು ಪ್ರತಿದಿನದ ಪರೀಕ್ಷೆಗಳ ಜೊತೆಗೆ ರಾತ್ರಿಯ ಹೊತ್ತು ಯಂತ್ರವೇ ಮಾಡುವಂತೆ ಏರ್ಪಡಿಸಬಹುದು. ಆದರೂ ಹಗಲಿನಲ್ಲಿ ಬದಲಾವಣೆ ಮಾಡಿದವನು ರಾತ್ರಿಯವರೆಗೆ ಕಾಯದೆ, ಆ ಎರಡು ಪದಗಳನ್ನು ಬರೆದು, ಯಂತ್ರದಿಂದ ಒಪ್ಪಿಗೆ ಬಂದ ಮೇಲೆಯೇ ಟರ್ಮಿನಲ್ಲಿನಿಂದ ಏಳುತ್ತಾನೆ.